ಹಿಂದಿನ ಕೋಣೆಯ ಮಡಿ

ಕೋಣೆ ಸಿದ್ಧವಾದ ದಿನ ತೃಪ್ತಿ ಹೊಸ್ತಿಲಲ್ಲಿ ನಿಂತು ಅದನ್ನು ಕಣ್ತುಂಬ ನೋಡಿದಳು. ಚೆನ್ನೈನ ವಡಪಳನಿಯಲ್ಲಿದ್ದ ಅತ್ತೆಯವರ ಹಳೇ ಮನೆಯಲ್ಲಿ ಬಾವಿಯ ಕಡೆಗಿದ್ದ ಹಿಂದಿನ ಕೋಣೆ ಅದು. ಹರಕು ಚಾಪೆ, ತುಕ್ಕು ಹಿಡಿದ ಟ್ರಂಕು ಎಲ್ಲವನ್ನೂ ತೆಗೆಸಿ ಗೋಡೆಗೆ ತಿಳಿ ಹಳದಿ ಬಳಿಸಿದ್ದಳು. ಬಿಸಿಲು ಕಂಪ್ಯೂಟರಿನ ಮೇಲೆ ಬೀಳದ ಹಾಗೆ ಮೇಜನ್ನು ಉತ್ತರದ ಕಿಟಕಿಯ ಹತ್ತಿರ ಹಾಕಿದ್ದಳು. ಪಕ್ಕದ ಮನೆಯ ಟೀವಿ ಸದ್ದು ನುಗ್ಗದಿರಲೆಂದು ಕಿಟಕಿಯ ಸಂದಿಗೆ ಸ್ಪಂಜು ತುರುಕಿ, ಹಳೇ ನೂಲಿನ ಸೀರೆಯೊಂದನ್ನು ಪರದೆ ಮಾಡಿದ್ದಳು. ಬೆನ್ನು ಒರಗಿಸುವ ಕುರ್ಚಿ, ಕುಡಿಯಲು ಮಣ್ಣಿನ ಹೂಜಿ, ಬಾಟಲಿಯಲ್ಲಿ ಒಂದು ಹಸಿರು ಬಳ್ಳಿ. ಬಾಗಿಲಿಗೆ ‘ಕೆಲಸದಲ್ಲಿದ್ದೇನೆ’ ಎಂದು ಬರೆದ ರಟ್ಟು.

ಅಮೆರಿಕದ ಡಾಕ್ಟರುಗಳು ತಮ್ಮ ರೋಗಿಗಳ ಸಂಗತಿಯನ್ನು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡುತ್ತಿದ್ದರು; ಅದು ಇಂಟರ್‌ನೆಟ್ಟಿನಲ್ಲಿ ಚೆನ್ನೈಗೆ ಬರುತ್ತಿತ್ತು. ಕಿವಿಗೆ ಹೆಡ್‌ಫೋನು ಹಾಕಿ, ಕಾಲಡಿಯ ಪೆಡಲು ಒತ್ತಿ ದನಿಯನ್ನು ಓಡಿಸುತ್ತ ನಿಲ್ಲಿಸುತ್ತ ಅದನ್ನು ಟೈಪು ಮಾಡುವುದು ತೃಪ್ತಿಯ ಕೆಲಸ. ಇಷ್ಟು ದಿನ ಅದಕ್ಕಾಗಿ ಬಸ್ಸಿನಲ್ಲಿ ಜೋತಾಡಿಕೊಂಡು ಅಡ್ಯಾರಿನ ಆಫೀಸಿಗೆ ಹೋಗುತ್ತಿದ್ದಳು. ಕೈ ಪಳಗಿದವರು ಮನೆಯಿಂದಲೇ ಮಾಡಬಹುದು ಎಂದು ಕಂಪನಿ ಹೇಳಿದಾಗ ಆಫೀಸಿನಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಅವಳೇ. ಅಷ್ಟು ಆತುರಪಟ್ಟಿದ್ದಕ್ಕೆ ಆಮೇಲೆ ತನ್ನನ್ನೇ ಬೈದುಕೊಂಡಳು.

ಏಕೆಂದರೆ ಆ ಮನೆಯವರ ಪಾಲಿಗೆ, ಹೆಂಗಸು ಮನೆಯಲ್ಲಿದ್ದಾಳೆ ಎಂದರೆ ಬಿಡುವಾಗಿದ್ದಾಳೆ ಎಂದೇ ಅರ್ಥ. ಅವಳು ಅಡ್ಯಾರಿಗೆ ಹೋಗುತ್ತಿದ್ದಾಗ ಈ ಮನೆಯಲ್ಲಿ ಬೇಳೆ ಬೇಯುತ್ತಿರಲಿಲ್ಲವೆ? ಲಾರಿ ನೀರನ್ನು ಯಾರೂ ಹಿಡಿಯುತ್ತಿರಲಿಲ್ಲವೆ? ಮಾವ ಬದರಿನಾಥರ ಕನ್ನಡಕ ಆಗೆಲ್ಲ ತಾನಾಗಿಯೇ ಸಿಗುತ್ತಿತ್ತು. ಈಗ ಮಾತ್ರ ಅದು ದಿನಾ ಕಳೆದುಹೋಗುತ್ತದೆ, ದಿನಾ ತೃಪ್ತಿಯೇ ಹುಡುಕಬೇಕು!

“ತೃಪ್ತೀ, ತಣ್ಣಿ ಲಾರಿ ಬಂತು, ಕೊಂಜ ಹೋಗಿ ಬಿಂದಿಗೆ ಇಟ್ಟು ಬಾಮ್ಮಾ,” ಅತ್ತೆ ವೆಂಕಟಲಕ್ಷ್ಮಿ ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಕೂಗುತ್ತ ಬಾಗಿಲು ಬಡಿಯುತ್ತಿದ್ದರು.

“ಅತ್ತೆ, ಕೆಲಸದಲ್ಲಿದ್ದೀನಿ.”

“ಕೂತೇ ಇದ್ದೀಯಲ್ಲ, ಎರಡು ನಿಮಿಷ ಎದ್ದರೆ ಏನಾಗುತ್ತೆ?”

ಗಂಡ ಸತ್ಯಾತ್ಮನೂ ಅಷ್ಟೆ. ಅಂಬತ್ತೂರಿನ ಕಾರ್ಖಾನೆಯಲ್ಲಿ ಅವನ ಮೇಜಿನ ಹತ್ತಿರ ಸುಳಿಯಲು ನಾಲ್ಕು ಜನರ ಅಪ್ಪಣೆ ಬೇಕಂತೆ, ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಅದೇ ಮನುಷ್ಯ ಶಿಫ್ಟಿಗೆ ಹೊರಡುವಾಗ ಕಾಲುಚೀಲ ಕೇಳಲು ಅವಳ ಹೆಡ್‌ಫೋನನ್ನೇ ಕಿವಿಯಿಂದ ಎತ್ತಿಬಿಡುತ್ತಿದ್ದ. ಬಾಗಿಲಿನ ರಟ್ಟಿನ ಮೊಳೆಗೆ ಯಾರೋ ಕರಿಬೇವಿನ ಚೀಲ ನೇತುಹಾಕಿದ್ದರು. ‘ಕೆಲಸದಲ್ಲಿದ್ದೇನೆ’ ಎಂಬುದು ಚೀಲದ ಹಿಂದೆ ಮುಚ್ಚಿಯೇ ಹೋಯಿತು.

ಕೊನೆಗೆ ಆಗಬಾರದ್ದು ಆಯಿತು. ಒಬ್ಬ ಮುದುಕಿಗೆ ಪೆನಿಸಿಲಿನ್ ಒಗ್ಗುವುದಿಲ್ಲ ಎಂದು ಡಾಕ್ಟರು ಹೇಳುತ್ತಿದ್ದ. ಸರಿಯಾಗಿ ಅದೇ ಹೊತ್ತಿಗೆ ಗ್ಯಾಸಿನವನು ಬಂದ, ಅತ್ತೆ ಕೂಗಿದರು, ಇವಳು ಎದ್ದು ಹೋಗಿ ಬಂದು ಕೂತಳು. ಬರವಣಿಗೆಯಲ್ಲಿ ಪೆನಿಸಿಲಿನ್ ಒಗ್ಗುತ್ತದೆ ಎಂದಾಗಿತ್ತು. ಕಂಪನಿಯಲ್ಲಿ ತಪ್ಪು ನೋಡುವ ಭೋಜರಾಜ ಅದನ್ನು ಹಿಡಿದು ಫೋನು ಮಾಡಿದ.

“ಮೇಡಂ, ಇದು ಹಾಗೇ ಹೋಗಿದ್ರೆ ಆ ಅಜ್ಜಿ ಪ್ರಾಣಕ್ಕೇ ಕುತ್ತು ಬರ್ತಿತ್ತು. ಇನ್ನೊಂದು ಸಲ ಹೀಗಾದ್ರೆ ನಿಮ್ಮನ್ನ ಇಟ್ಟುಕೊಳ್ಳೋಕೆ ಆಗಲ್ಲ, ಸಾರಿ.”

ತೃಪ್ತಿ ಫೋನಿಟ್ಟಳು. ಕಣ್ಣಿಗೆ ಕಾಣದ ಯಾವಳೋ ಮುದುಕಿಯ ಜೀವ, ತಾನು ಇಷ್ಟು ವರ್ಷ ಕಷ್ಟಪಟ್ಟು ಕಲಿತ ಕೆಲಸ, ಎರಡೂ ಒಂದು ಸಿಲಿಂಡರಿನ ದೆಸೆಯಿಂದ ಹೋಗುವುದರಲ್ಲಿದ್ದವು. ಅಡುಗೆಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು.

“ಪಾವಂ, ಆ ಅಜ್ಜಿ,” ಎಂದರು ಅತ್ತೆ. “ಶರಿ, ಆ ತೆಂಗಿನಕಾಯಿ ಕೊಂಜ ತುರಿದುಕೊಡು.”

ಅದೇ ವಾರ ಅವಳು ಹೊರಗಾದಳು. ತಿಂಗಳಲ್ಲಿ ಮೂರು ದಿನ ಹೆಂಗಸರು ಯಾರನ್ನೂ ಮುಟ್ಟದೆ ಬೇರೆ ಕೂಡುವ ಪದ್ಧತಿಯನ್ನು ಆ ಮನೆ ಇನ್ನೂ ಬಿಟ್ಟಿರಲಿಲ್ಲ. ಹಾಗೆ ಕೂಡಲೆಂದೇ ಇದ್ದ ಜಾಗ ಆ ಹಿಂದಿನ ಕೋಣೆ. ಕಂಪ್ಯೂಟರಿಗೆ ಮೈಲಿಗೆಯಿಲ್ಲ ಎಂದು ಮಾವನವರು ಮೊದಲೇ ತೀರ್ಪು ಕೊಟ್ಟಿದ್ದರು. ಆ ಮೂರು ದಿನ ಬಾಗಿಲು ಬಡಿಯುವವರಿಲ್ಲ. ಕಾಫಿ, ಊಟ ಹೊಸ್ತಿಲಿಗೇ ಬಂತು. ಲಾರಿಯ ನೀರಿಗೆ ಮಾವನೇ ಪಂಚೆ ಎತ್ತಿ ಕಟ್ಟಿಕೊಂಡು ಹೋದರು. ಕನ್ನಡಕ ಒಂದು ಸಲವೂ ಕಳೆಯಲಿಲ್ಲ, ಸತ್ಯಾತ್ಮನ ಕಾಲುಚೀಲ ಅವನಿಗೇ ಸಿಕ್ಕಿತು. ಅವಳ ಬರವಣಿಗೆಯಲ್ಲಿ ಹುಡುಕಿದರೂ ತಪ್ಪಿರಲಿಲ್ಲ.

“ಸೂಪರ್ ಮೇಡಂ! ಈ ಮೂರು ದಿನ ಏನು ಮಾಡಿದ್ರೋ, ಅದನ್ನೇ ದಿನಾ ಮಾಡಿ,” ಎಂದ ಭೋಜರಾಜ, ಪಾಪ, ಏನೂ ಅರಿಯದೆ.

ತೃಪ್ತಿಗೆ ಮೊದಲು ನಗು ಬಂತು, ಆಮೇಲೆ ತಲೆಗೆ ಸಿಟ್ಟು ಏರಿತು. ಓದಿದವಳು, ಸಂಬಳ ತರುವವಳು ಎಂದರೆ ಯಾರೂ ಕದಲಲಿಲ್ಲ. ಮುಟ್ಟಬಾರದವಳು ಎಂದ ಕೂಡಲೇ ಮನೆಯೆಲ್ಲ ದಾರಿ ಬಿಟ್ಟಿತು! ಹಾಗಾದರೆ ಹಾಗೇ ಆಗಲಿ ಎಂದು ಹಲ್ಲು ಕಚ್ಚಿದಳು. ಮುಂದಿನ ವಾರ ಭಾರೀ ಕೆಲಸ ಬಂದ ದಿನ, ಬೆಳಿಗ್ಗೆ ಎದ್ದವಳೇ ಹಿಂದಿನ ಕೋಣೆಯಿಂದ ಕೂಗಿ ಹೇಳಿದಳು.

“ಅತ್ತೆ, ನಾನು ಹೊರಗೆ.”

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ವೆಂಕಟಲಕ್ಷ್ಮಿ ಕಾಫಿಯ ಲೋಟವನ್ನು ಹೊಸ್ತಿಲ ಮೇಲಿಟ್ಟರು. ಸ್ನಾನ ಮಾಡಿ ಮಡಿಸೀರೆ ಉಟ್ಟು ಅಡುಗೆಗೆ ನಿಂತಿದ್ದರು. ಆದರೆ ತಕ್ಷಣ ವಾಪಸು ಹೋಗಲಿಲ್ಲ.

“ಹೋದ ವಾರ ತಾನೇ ತಲೆಗೆ ನೀರು ಹಾಕ್ಕೊಂಡೆ?” ಎಂದರು.

ತೃಪ್ತಿ ಹೆಡ್‌ಫೋನು ತೆಗೆದಿಟ್ಟಳು. ಇನ್ನು ಮುಚ್ಚಿಟ್ಟು ಫಲವಿರಲಿಲ್ಲ.

“ಹೌದು ಅತ್ತೆ, ಸುಳ್ಳು ಹೇಳಿದೆ. ಸುಳ್ಳು ಹೇಳದೆ ಈ ಮನೇಲಿ ಕೂರೋಕೆ ನೀವು ಎಲ್ಲಿ ಬಿಟ್ಟಿರಿ? ಈಗ ನೀವು ಮಡೀಲಿದ್ದೀರಿ. ಯಾರಾದ್ರೂ ನಿಮ್ಮ ಹತ್ರ ಬಂದು ಕನ್ನಡಕ ಹುಡುಕಿಕೊಡು ಅಂತಾರಾ? ಗಂಡಸರೂ ಗೋಡೆಗೆ ಒತ್ತಿಕೊಂಡು ದಾರಿ ಬಿಡ್ತಾರೆ. ನೀವು ಮಾಡೋದು ದೇವರ ಅಡುಗೆ, ಸರಿ. ನಾನಿಲ್ಲಿ ಮಾಡೋದು ಒಬ್ಬರ ಜೀವಕ್ಕೆ ಸೇರಿದ್ದು. ಅದಕ್ಕೆ ಸಿಕ್ಕಿದ ಮರ್ಯಾದೆ ಕರಿಬೇವಿನ ಚೀಲ ಅತ್ತೆ, ಬರೀ ಕರಿಬೇವಿನ ಚೀಲ!”

ಬೈಗುಳ ಬರುತ್ತದೆ ಎಂದು ಕಾದಳು. ವೆಂಕಟಲಕ್ಷ್ಮಿ ಬೈಯಲಿಲ್ಲ. ಹಳದಿ ಗೋಡೆಯನ್ನು, ಪರದೆಯನ್ನು, ಬಾಟಲಿಯ ಬಳ್ಳಿಯನ್ನು ಮೊದಲ ಸಲ ಕಂಡವರ ಹಾಗೆ ನೋಡಿದರು.

“ನಾ ಬಂದಾಗ ಈ ಮನೇಲಿ ಹದಿನಾರು ಜನ,” ಎಂದರು ಮೆಲ್ಲಗೆ. “ಕೂತು ಉಣ್ಣಕ್ಕೂ ಹೊತ್ತು ಸಿಗ್ತಿರಲಿಲ್ಲ ಕಣೇ. ನಾನೂ ಸುಮ್ಮಸುಮ್ಮನೆ ಹೊರಗೆ ಅಂತ ಹೇಳಿಬಿಟ್ಟು ಇಲ್ಲಿ ಬಂದು ಕೂತ್ಕೋತಿದ್ದೆ. ಕಾದಂಬರಿ ಓದ್ತಿದ್ದೆ. ಒಂದೊಂದ್ಸಲ ಬರೀ ನಿದ್ದೆ.”

“ಯಾರಿಗೂ ಗೊತ್ತಾಗಲಿಲ್ವಾ?”

“ನಮ್ಮತ್ತೆಗೆ ಗೊತ್ತಿತ್ತು. ಅವರೂ ಅದನ್ನೇ ಮಾಡಿದವರು.”

ಅಷ್ಟರಲ್ಲಿ ಸತ್ಯಾತ್ಮ ಒಂದೇ ಕಾಲುಚೀಲ ಹಿಡಿದುಕೊಂಡು ನಡುಮನೆಯಿಂದ ಬಂದ. “ತೃಪ್ತೀ, ಇದರ ಜೋಡಿ ಎಲ್ಲಿ?”

“ಅಲ್ಲೇ ನಿಲ್ಲು!” ವೆಂಕಟಲಕ್ಷ್ಮಿಯ ದನಿಗೆ ಅವನು ನಿಂತೇಬಿಟ್ಟ. “ಮುಂದೆ ಬರಬೇಡ. ಅವಳು ಮಡೀಲಿದ್ದಾಳೆ.”

“ಹೊರಗೆ ಅಂದಳಲ್ಲಮ್ಮಾ, ಈಗ ತಾನೇ?”

“ಮಡಿ ಅಂದೆ. ಕೆಲಸ ಮುಗಿಯೋ ತನಕ ಮಡಿ. ಕಾಲು ನಿನ್ನದು, ಚೀಲ ನೀನೇ ಹುಡುಕ್ಕೋ.”

ಇಂಥ ವಿಷಯದಲ್ಲಿ ಆ ಮನೆಯ ಗಂಡಸರು ಎದುರಾಡಿದ್ದಿಲ್ಲ. ಅವನು ಎರಡು ಹೆಜ್ಜೆ ಹಿಂದೆ ಸರಿದ. ವೆಂಕಟಲಕ್ಷ್ಮಿ ಮೊಳೆಯಿಂದ ಕರಿಬೇವಿನ ಚೀಲ ತೆಗೆದುಕೊಂಡು ಒಳಗೆ ನಡೆದರು.

ತೃಪ್ತಿ ರಟ್ಟನ್ನು ಇಳಿಸಿ, ‘ಕೆಲಸದಲ್ಲಿದ್ದೇನೆ’ ಎಂಬುದನ್ನು ಹೊಡೆದುಹಾಕಿ, ಅದರ ಕೆಳಗೆ ದಪ್ಪಕ್ಕೆ ‘ಮಡಿ’ ಎಂದು ಬರೆದಳು. ಒತ್ತಿದ ರಭಸಕ್ಕೆ ಪೆನ್ನಿನ ಮೂತಿ ಚಪ್ಪಟೆಯಾಯಿತು. ಅಂದಿನಿಂದ ಆ ಬಾಗಿಲನ್ನು ಯಾರೂ ಬಡಿಯಲಿಲ್ಲ. ಮಾವನವರಂತೂ ಅದರ ಮುಂದೆ ತುದಿಗಾಲಲ್ಲಿ ಓಡಾಡುತ್ತಿದ್ದರು. ಭೋಜರಾಜನಿಂದ ಮತ್ತೆ ದೂರು ಬರಲಿಲ್ಲ, ಕೆಲಸ ಉಳಿಯಿತು. ಅತ್ತೆಯನ್ನು ಕಂಡರೆ ಅವಳಿಗೆ ಈಗ ನಿಜವಾಗಿ ಅಕ್ಕರೆ.

ಆದರೂ ಬೆಳಿಗ್ಗೆ ಬಾಗಿಲು ಹಾಕಿಕೊಳ್ಳುವಾಗ, ಹೊಡೆದುಹಾಕಿದ ಆ ಮೊದಲ ಸಾಲು ಕಣ್ಣಿಗೆ ಬಿದ್ದರೆ ಅವಳ ಮೈ ಉರಿಯುತ್ತಿತ್ತು. ಅದೊಂದೇ ಸಾಕಾಗಬೇಕಿತ್ತು.