ಅಡ್ಡರಸ್ತೆ ರೇಡಿಯೊಗೆ ಸಮಿತಿ ಬಂದ ದಿನ

ಹೆಂಗಸರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಬರುತ್ತಿದ್ದಂತೆ ಕಲಾಳ ಮುಖ ಅರಳುತ್ತಾ ಹೋಯಿತು. ಮದುವೆಮನೆಗೆ ಹೊರಟವರ ಹಾಗೆ ಎಲ್ಲರೂ ಬೀರುವಿನ ಒಳಗಿದ್ದ ಸೀರೆ ತೆಗೆದು ಉಟ್ಟಿದ್ದರು. ನರಸಮ್ಮ ಮುಡಿಗೆ ಕನಕಾಂಬರ ಬೇರೆ ಇಟ್ಟಿದ್ದಳು. ಸ್ಟುಡಿಯೊದ ಪದ್ಧತಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಚಪ್ಪಲಿ ಮೆಟ್ಟಿಲ ಮೇಲೆ ಬಿಟ್ಟು, ಫೋನು ಸ್ವಿಚ್ ಆಫ್ ಮಾಡಿ ಬಾಗಿಲ ಬಳಿಯ ಬುಟ್ಟಿಗೆ ಹಾಕಿ ಒಳಗೆ ಬಂದರು. ಬುಟ್ಟಿ ತುಂಬಿ, ಕೆಳಗಿನ ಹಿಟ್ಟಿನ ಗಿರಣಿಯಿಂದ ಇನ್ನೊಂದು ತರಬೇಕಾಯಿತು.

"ಎಲ್ರೂ ಬಂದ್ಬಿಟ್ರಾ ಅಕ್ಕಾ?" ಕಲಾ ಕೇಳಿದಳು.

"ನೀನು ರೇಡಿಯೊದಲ್ಲಿ ಕರೆದ್ಮೇಲೆ ಬರದೆ ಇರಕ್ಕಾಗತ್ತಾ?" ಎಂದಳು ನರಸಮ್ಮ. "ಬೋರಮ್ಮ ಒಬ್ಳು ಗೇಟ್ ಬಿಟ್ಟು ಬರಲ್ಲ ಅಂತ ಕೂತಿದ್ಲು. ನಾನೇ ಎಳ್ಕೊಂಡ್ ಬಂದೆ. ವಾಚ್‌ಮನ್ ಬೈರಯ್ಯ ಇದಾನಲ್ಲ, ಒಂದು ಗಂಟೆ ನೋಡ್ಕೋತಾನೆ ಬಿಡು."

ವಯಸ್ಸಾದ ಬೋರಮ್ಮ ಗೋಡೆಗೊರಗಿ ಕೂರುತ್ತಾ, "ಅವ್ನಿಗೆ ಸಂಬ್ಳ ಕೊಡೋರ್ ಯಾರು, ನೀನಾ?" ಎಂದಳು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕಾಮಾಕ್ಷಿಪಾಳ್ಯದ ಹಿಟ್ಟಿನ ಗಿರಣಿಯ ಮೇಲಿನ ಆ ಎರಡು ಕೋಣೆಗಳಿಗೆ ಅಡ್ಡರಸ್ತೆ ರೇಡಿಯೊ ಎಂದು ಹೆಸರು. ಸದ್ದು ತಡೆಯಲು ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ್ದರು. ಮೈಕು ಆನ್ ಮಾಡುವ ಮುಂಚೆ ನೆಲವನ್ನು ಕಾಲಿನಿಂದ ಗುದ್ದಿದರೆ ಕೆಳಗೆ ಗಿರಣಿ ನಿಲ್ಲುತ್ತಿತ್ತು. ಸಮುದಾಯ ರೇಡಿಯೊ ಅನ್ನುವುದು ಕೇಳಲು ದೊಡ್ಡ ಹೆಸರು. ಅದರ ಪಾಡು ಅದಕ್ಕೇ ಗೊತ್ತು. ಜಾಹೀರಾತು ಕೊಡುವವರಿಲ್ಲ, ಟ್ರಾನ್ಸ್‌ಮಿಟರ್ ಯಾವಾಗ ಕೈಕೊಡುತ್ತದೋ ಹೇಳುವಂತಿಲ್ಲ. ಇಂಥ ಸಣ್ಣಪುಟ್ಟ ರೇಡಿಯೊ, ಪತ್ರಿಕೆಗಳು ಉಳಿಯಲಿ ಎಂದು ಸರ್ಕಾರ ಅನುದಾನ ಕೊಡುತ್ತದೆ, ಆದರೆ ಕೊಡುವ ಮುನ್ನ ಸಮಿತಿಯೊಂದು ಬಂದು ನೋಡಿ ಹೋಗುತ್ತದೆ. ಹೋದ ವರ್ಷದ ಸಮಿತಿಗೆ ಕಂಡದ್ದು ಕಲಾ, ಕಾರ್ಯದರ್ಶಿ ಸಿದ್ದೇಶ್, ಮತ್ತು ಕೆಳಗಿನಿಂದ ಹಾರಿಬಂದು ಕುರ್ಚಿಯ ಮೇಲೆ ಕೂತ ಹಿಟ್ಟು, ಅಷ್ಟೆ. ಇದರಲ್ಲಿ ಸಮುದಾಯ ಎಲ್ಲಿದೆ ಎಂದು ಕೇಳಿ ಎದ್ದು ಹೋಗಿದ್ದರು. ಈ ಸಲವೂ ಅನುದಾನ ಬರದಿದ್ದರೆ ಬೀಗ ಹಾಕುವುದೇ ಎಂದು ಸಿದ್ದೇಶ್ ಹೇಳಿಬಿಟ್ಟಿದ್ದ.

ಬೀಗದ ಮಾತು ಕೇಳಿದ ದಿನದಿಂದ ಕಲಾಳಿಗೆ ಊಟ ಸೇರುತ್ತಿರಲಿಲ್ಲ. ಮೋಹನ್ ಕುಮಾರ್ ಎಂಬವನ ಗಾರ್ಮೆಂಟ್ ಯೂನಿಟ್ಟಿನಲ್ಲಿ ನರಸಮ್ಮನ ಪಕ್ಕದ ಮಷಿನ್ನಿನಲ್ಲಿ ಕೂತು ಕಾಲರ್ ಹೊಲಿಯುತ್ತಿದ್ದವಳು ಅವಳು. ಅಷ್ಟೂ ಮಷಿನ್ನುಗಳ ಗದ್ದಲದ ಮೇಲೆ ಕೇಳುವಂಥ ಗಂಟಲು ಅವಳದು. ಸೂಪರ್‌ವೈಸರ್ ಬೈಗುಳಕ್ಕೆ ಎದುರು ಮಾತಾಡಿ ಕೆಲಸ ಕಳೆದುಕೊಂಡಾಗ ಆ ಗಂಟಲಿಗೆ ಮರ್ಯಾದೆ ಕೊಟ್ಟದ್ದು ಈ ರೇಡಿಯೊ ಒಂದೇ.

ಈಗ ಅದೇ ಯೂನಿಟ್ಟಿಗೆ ಕುತ್ತು ಬಂದಿತ್ತು. ಮೋಹನ್ ಕುಮಾರ್ ಮಷಿನ್ನುಗಳನ್ನೆಲ್ಲ ಊರಾಚೆ ಸಾಗಿಸಿ, ಅಲ್ಲಿ ಕಡಿಮೆ ಕೂಲಿಗೆ ಬರುವವರನ್ನು ಕೂರಿಸಲು ಹೊಂಚು ಹಾಕುತ್ತಿದ್ದ. ಹೆಂಗಸರು ಲೇಬರ್ ಆಫೀಸಿಗೆ ದೂರು ಕೊಟ್ಟಿದ್ದರು, ಸೋಮವಾರ ವಿಚಾರಣೆ. ಅಲ್ಲಿಯವರೆಗೆ ಒಂದು ಸೂಜಿಯೂ ಹೊರಗೆ ಹೋಗಬಾರದೆಂದು ಸರದಿಯ ಮೇಲೆ ಗೇಟಿಗೆ ಅಡ್ಡ ಕೂರುತ್ತಿದ್ದರು. ಒಮ್ಮೆ ಹೊರಗೆ ಹೋದ ಮಷಿನ್ನು ಯಾವ ವಿಚಾರಣೆಗೂ ವಾಪಸು ಬರುವುದಿಲ್ಲ ಎಂಬುದು ಮಾಗಡಿ ರಸ್ತೆಯ ಆಸುಪಾಸಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ.

ಕಲಾಳಿಗೂ ಗೊತ್ತಿತ್ತು. ಗೊತ್ತಿದ್ದೂ ಹಿಂದಿನ ಸಂಜೆ ಮೈಕಿನಲ್ಲಿ ಹೇಳಿದ್ದಳು: "ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ನಮ್ ರೇಡಿಯೊ ನೋಡಕ್ಕೆ ಸಮಿತಿಯವ್ರು ಬರ್ತಾ ಇದಾರೆ. ಎಲ್ರೂ ಬನ್ನಿ. ಗೇಟ್ ಹತ್ರ ಕೂತಿರೋ ಅಕ್ಕಂದಿರೂ ಬನ್ನಿ, ಒಂದು ಗಂಟೆ ಅಷ್ಟೆ. ಈ ರೇಡಿಯೊ ಉಳಿದ್ರೆ ನಾಳೆ ನಿಮ್ ಮಾತು ಹೇಳಕ್ಕೆ ಒಂದು ಜಾಗ ಇರತ್ತೆ."

ಸಮಿತಿಯ ಮೂವರು ಹತ್ತಕ್ಕೆ ಸರಿಯಾಗಿ ಬಂದರು. ಮುಖ್ಯಸ್ಥೆ ಮಾನಸ ಎಂಬಾಕೆ ಬಾಗಿಲಲ್ಲೇ ನಿಂತುಬಿಟ್ಟರು. "ಇಷ್ಟು ಜನಾನಾ! ಯಾರು ಕರೆಸಿದ್ದು ಇವರನ್ನ?"

"ರೇಡಿಯೊ ಕರೀತು ಮೇಡಂ, ಬಂದ್ರು," ಎಂದ ಸಿದ್ದೇಶ್. ಆ ಒಂದು ಮಾತನ್ನು ಅವನು ಬೆಳಗಿನಿಂದ ಬಾಯಿಪಾಠ ಮಾಡಿಕೊಂಡಿದ್ದ.

ಅದೇ ಹೊತ್ತಿಗೆ ಮೇಜಿನ ಮೇಲಿದ್ದ ರೇಡಿಯೊದ ಫೋನು ಒಂದು ಸಲ ಗುಂಯ್‌ಗುಟ್ಟಿ ನಿಂತಿತು. ಕಲಾ ಎತ್ತಲಿಲ್ಲ. ಎತ್ತುವಂತೆಯೂ ಇರಲಿಲ್ಲ. ಕೇಳುಗರು ಮಿಸ್ಡ್ ಕಾಲ್ ಕೊಡಬೇಕು, ರೇಡಿಯೊದವರು ತಿರುಗಿ ಮಾಡಬೇಕು, ಇದು ಮೊದಲಿನಿಂದ ಬಂದ ನಡಾವಳಿ. ಅಪ್ಪಿತಪ್ಪಿ ಎತ್ತಿದರೆ, ನಮ್ಮ ಕಾಸು ಯಾಕಮ್ಮ ಹಾಳು ಮಾಡ್ತೀಯ ಎಂದು ಬೈಸಿಕೊಳ್ಳಬೇಕಿತ್ತು. ಫೋನಿಗೆ ಕರೆನ್ಸಿ ಹಾಕಿಸುವ ಕಾಲ ಹೋಗಿ, ಎಷ್ಟು ಮಾತಾಡಿದರೂ ಅಷ್ಟೇ ದುಡ್ಡು ಅನ್ನುವ ಕಾಲ ಬಂದರೂ ಆ ಅಭ್ಯಾಸವನ್ನು ಯಾರೂ ಬಿಟ್ಟಿರಲಿಲ್ಲ.

ಫೋನು ಮತ್ತೊಮ್ಮೆ ಗುಂಯ್‌ಗುಟ್ಟಿತು. ಲಕ್ಷ್ಮಿದೇವಮ್ಮ. ಯೂನಿಟ್ಟಿನ ಎದುರು ಮನೆಯ ಮುದುಕಿ. ಮಂಡಿನೋವು, ಮೆಟ್ಟಿಲು ಹತ್ತಲಾರಳು. ವಾರಕ್ಕೊಮ್ಮೆ ಸೋಬಾನೆ ಹೇಳದಿದ್ದರೆ ಅವಳಿಗೆ ಸಮಾಧಾನವಿಲ್ಲ. ಒಳ್ಳೆಯ ಹೊತ್ತಿಗೇ ನೆನೆಸಿಕೊಂಡಳಲ್ಲ ಎಂದು ಕಲಾಳಿಗೆ ಖುಷಿಯಾಯಿತು.

"ನೋಡಿ ಮೇಡಂ, ನಮ್ ಕೇಳುಗರು. ಬಿಡೋದೇ ಇಲ್ಲ."

"ಚೆನ್ನಾಗಿದೆ," ಎಂದರು ಮಾನಸ. "ಕೊನೇಲಿ ನಮ್ಮೆದುರೇ ಲೈವಲ್ಲಿ ಕಾಲ್ ಮಾಡಿ ತೋರಿಸಿ."

ಕಲಾ ಫೋನನ್ನು ಬೋರಲು ಹಾಕಿ ಇಟ್ಟಳು.

ಮೊದಲು ಟ್ರಾನ್ಸ್‌ಮಿಟರ್ ನೋಡಿದರು, ಕಡತ ನೋಡಿದರು. ಆಮೇಲೆ ಹೆಂಗಸರ ಸರದಿ. ರೇಡಿಯೊ ನಿಮಗೇನು ಕೊಟ್ಟಿದೆ ಎಂದು ಕೇಳಿದಾಗ ನರಸಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. "ಟೀವೀಲಿ ನಮ್ಮ ರಸ್ತೆ ಯಾವತ್ತೂ ಬರಲ್ಲ ಮೇಡಂ. ಪೇಪರಲ್ಲಿ ಬಂದ್ರೆ ಯಾರಾದ್ರೂ ಸತ್ತಿರ್ಬೇಕು. ಇಲ್ಲಿ ನಾನು ಬದುಕಿರೋವಾಗ್ಲೇ ಮಾತಾಡ್ಬೋದು." ಸಮಿತಿಯವರು ನಕ್ಕರು, ಬರೆದುಕೊಂಡರು. ಮೇಜಿನ ಮೇಲೆ ಫೋನು ಮಧ್ಯೆ ಮಧ್ಯೆ ಗುಂಯ್‌ಗುಟ್ಟುತ್ತಲೇ ಇತ್ತು. ಅದು ಗುಂಯ್‌ಗುಟ್ಟಿದಾಗಲೆಲ್ಲ ಕಲಾ ಒಳಗೊಳಗೇ ಹಿಗ್ಗುತ್ತಿದ್ದಳು.

ಕೊನೆಗೆ ಸಿದ್ದೇಶ್ ನೆಲ ಗುದ್ದಿದ. ಗಿರಣಿ ನಿಂತಿತು, ಕೆಂಪು ದೀಪ ಹೊತ್ತಿತು. ಕಲಾ ಫೋನನ್ನು ಸ್ಪೀಕರಿಗೆ ಹಾಕಿ ಮೈಕಿನ ಮುಂದೆ ಹಿಡಿದಳು.

"ಲಕ್ಷ್ಮಿದೇವಮ್ಮನೋರೆ, ಅಡ್ಡರಸ್ತೆ ರೇಡಿಯೊದಿಂದ ಕಲಾ ಮಾತಾಡ್ತಾ ಇದೀನಿ. ಇವತ್ತು ಯಾವ ಹಾಡು ಹೇಳ್ತೀರಾ?"

"ಹಾಡಂತೆ ಹಾಡು! ಎಷ್ಟ್ ಸಲ ಮಿಸ್ಡ್ ಕಾಲ್ ಕೊಡ್ಲೇ ನಾನು? ಲಾರಿ ಬಂದು ನಿಂತೈತೆ. ಮಿಷನ್ನೆಲ್ಲಾ ಹೊರಕ್ಕೆ ಹಾಕ್ತಾವ್ರೆ. ಒಂದ್ ಲಾರಿ ಆಗ್ಲೇ ಹೊಂಟೋಯ್ತು. ಅಲ್ಲಿರೋರ್ನ ಕಳ್ಸೇ ಬೇಗ!"

ಮೊದಲು ಎದ್ದವಳು ಬೋರಮ್ಮ. ಅವಳ ಹಿಂದೆ ಕೋಣೆಗೆ ಕೋಣೆಯೇ ಎದ್ದಿತು. ಯಾರೂ ಕೂಗಲಿಲ್ಲ. ಕೆಂಪು ದೀಪ ಹೊತ್ತಿದಾಗ ಸದ್ದು ಮಾಡಬಾರದೆಂದು ಕಲಾಳೇ ಕಲಿಸಿದ್ದಳು. ಬರಿಗಾಲಲ್ಲಿ ಅವರು ಮೆಟ್ಟಿಲಿಳಿದ ಧಡಧಡ ಮಾತ್ರ ಕೇಳಿತು.

ಏಳಲು ಹೊರಟ ಕಲಾಳ ಭುಜ ಅದುಮಿ ಸಿದ್ದೇಶ್, "ಆನ್ ಏರ್ ಇದೀಯ ಕಣೇ. ಮುಗ್ಸು," ಎಂದು ಪಿಸುಗುಟ್ಟಿದ. ಅವಳು ಮುಗಿಸಿದಳು. ಕರೆ ಮಾಡಿದ್ದಕ್ಕೆ ಧನ್ಯವಾದ ಹೇಳಿದಳು, ಸಂಜೆಯ ಕಾರ್ಯಕ್ರಮ ಏನೆಂದು ತಿಳಿಸಿದಳು, ನಮಸ್ಕಾರವನ್ನೂ ಹೇಳಿದಳು. ತನ್ನ ದನಿ ಒಂದಿಷ್ಟೂ ನಡುಗಲಿಲ್ಲವಲ್ಲ ಎಂದು ಆಮೇಲೆ ಅವಳಿಗೆ ಅಸಹ್ಯವಾಯಿತು.

ಓಡಿಹೋಗಿ ನೋಡಿದಾಗ ಗೇಟು ಹಾರು ಹೊಡೆದಿತ್ತು. ರಸ್ತೆಯಲ್ಲಿ ಲಾರಿಯ ಸುಳಿವಿರಲಿಲ್ಲ. ಬೈರಯ್ಯ ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ಸ್ಟೂಲಿನ ಪಕ್ಕ ನಿಂತಿದ್ದ.

"ನಾನೇನ್ ಮಾಡ್ಲವ್ವ," ಎಂದ. "ಯಜಮಾನ್ರು ನಿನ್ನೆ ಸಂಜೆ ಕಾರಲ್ಲಿ ಕೂತು ನಿಮ್ ರೇಡಿಯೊನೇ ಕೇಳ್ತಾ ಇದ್ರು. ದಿನಾ ಕೇಳ್ತಾರೆ, ನಿಮ್ಗೆ ಗೊತ್ತಿಲ್ವಾ? ಹತ್ತು ಗಂಟೆಗೆ ಎಲ್ರೂ ಬನ್ನಿ ಅಂತ ನೀವೇ ಅಂದ್ರಲ್ಲ. ಅವಾಗ್ಲೇ ಫೋನ್ ಮಾಡಿ ಲಾರಿಗೆ ಹೇಳುದ್ರು."

ಕಲಾ ಗೇಟಿನ ಸರಳು ಹಿಡಿದು ನಿಂತಳು. ತನ್ನ ಮಾತನ್ನು ಅಷ್ಟು ಗಮನವಿಟ್ಟು ಕೇಳುವವನು ಕಾಮಾಕ್ಷಿಪಾಳ್ಯದಲ್ಲಿ ಇನ್ನೊಬ್ಬನಿದ್ದಾನೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಅವಳ ಕೈಯಲ್ಲೇ ಉಳಿದಿದ್ದ ರೇಡಿಯೊದ ಫೋನಿಗೆ ಸಿದ್ದೇಶ್ ಕರೆ ಮಾಡಿದ. ಅವನ ದನಿಯಲ್ಲಿ ಸಂತೋಷವನ್ನು ಅದುಮಿ ಹಿಡಿದ ಕಷ್ಟ ಕೇಳಿಸುತ್ತಿತ್ತು. "ಕಲಾ, ಅಲ್ಲಿ ಏನಾಯ್ತು? ... ಅಯ್ಯೋ. ಅಯ್ಯೋ ಪಾಪ. ಇಲ್ಲಿ ಕೇಳು, ಮೇಡಂ ಕಣ್ಣಲ್ಲಿ ನೀರು ಹಾಕ್ಕೊಂಡ್ರು. ಇಂಥ ರೇಡಿಯೊ ಇರ್ಲೇಬೇಕು, ಇಲ್ದಿದ್ರೆ ಈ ಜನಕ್ಕೆ ಯಾರಿದಾರೆ ಅಂದ್ರು. ಶಿಫಾರಸು ಮಾಡೇ ಮಾಡ್ತೀನಿ ಅಂದ್ರು. ಆಗೋಯ್ತು ಅಂತಾನೇ ಅನ್ಕೋ. ಆ ಕಾಲ್ ರೆಕಾರ್ಡಿಂಗ್ ಕಳ್ಸಿ ಅಂತ ಕೇಳಿದಾರೆ."

ಅವಳು ಫೋನು ಇಟ್ಟು ಒಳಗೆ ಹೋದಳು.

ಅಷ್ಟು ದೊಡ್ಡ ಹಾಲ್ ಖಾಲಿಯಾಗಿ ಬಿದ್ದಿತ್ತು. ಮಷಿನ್ನುಗಳಿದ್ದ ಕಡೆಯಲ್ಲೆಲ್ಲ ನೆಲದ ಮೇಲೆ ಎಣ್ಣೆಯ ಕಪ್ಪು ಕಲೆ, ಸುತ್ತ ದಾರದ ಚೂರು. ಹೆಂಗಸರು ಅಲ್ಲಲ್ಲಿ ನಿಂತಿದ್ದರು. ನರಸಮ್ಮ ಅವಳನ್ನು ನೋಡಿ ಹತ್ತಿರ ಬಂದಳು. ಬೈಯಲಿ, ಕಪಾಳಕ್ಕೆ ಹೊಡೆಯಲಿ ಎಂದು ಕಲಾ ಕಾದಳು.

"ದುಡ್ಡು ಕೊಡ್ತಾರಂತಾ ರೇಡಿಯೊಗೆ?"

"ಕೊಡ್ತಾರಂತೆ ಅಕ್ಕ."

"ಹೋಗ್ಲಿ, ಅದಾದ್ರೂ ಆಯ್ತಲ್ಲ," ಎಂದಳು ನರಸಮ್ಮ. ಆ ಮಾತಿನಲ್ಲಿ ಕೊಂಕು ಎಲ್ಲಿದೆಯೆಂದು ಕಲಾ ಹುಡುಕಿದಳು. ಇರಲಿಲ್ಲ.

ಬೋರಮ್ಮ ಕಿಟಕಿಯ ಕಡೆಯಿಂದ ಕಲೆಗಳನ್ನು ಒಂದೊಂದಾಗಿ ನೋಡುತ್ತಾ ಬಂದು, ಮೂರನೆಯ ಸಾಲಿನಲ್ಲಿ ನಿಂತಳು. ಸೀರೆಯನ್ನು ಮಂಡಿಯವರೆಗೆ ಎತ್ತಿ ಹಿಡಿದು, ತನ್ನ ಮಷಿನ್ನಿದ್ದ ಜಾಗದ ಹಿಂದೆ ನೆಲದ ಮೇಲೆ ಕುಳಿತಳು. ಆಮೇಲೆ ಇನ್ನೊಬ್ಬಳು ಕುಳಿತಳು. ಹಾಗೇ ಒಬ್ಬೊಬ್ಬರಾಗಿ ತಮ್ಮ ತಮ್ಮ ಜಾಗ ಹುಡುಕಿಕೊಂಡು, ಎಲ್ಲರೂ ಒಂದೇ ಕಡೆಗೆ ಮುಖ ಮಾಡಿ ಸಾಲಾಗಿ ಕುಳಿತರು. ನರಸಮ್ಮನೂ ಹೋಗಿ ಕುಳಿತಳು. ಕಲಾ ಬಾಗಿಲಲ್ಲೇ ನಿಂತಿದ್ದಳು.