ಪಟ್ಟಿಯಂತೆ ಬಂದ ನೀರು

ಚಂದ್ರ ಕರೆದರೆ ಸಮುದ್ರ ಏರುತ್ತದೆ, ಬಿಟ್ಟರೆ ಇಳಿಯುತ್ತದೆ, ಅಷ್ಟರಮಟ್ಟಿಗೆ ವಿಧೇಯ. ಆದರೆ ಗಾಳಿ ಬಂದು ಕಿವಿಯಲ್ಲಿ ಏನಾದರೂ ಊದಿತೋ, ನಾಲ್ಕು ಬೆರಳು ಹೆಚ್ಚೋ ಕಡಿಮೆಯೋ ಮಾಡಿಯೇ ತೀರುತ್ತದೆ. ಇಪ್ಪತ್ತೆರಡು ವರ್ಷ ಬಂದರಿನ ಮಹಡಿಯ ಕೋಣೆಯಲ್ಲಿ ಕೂತು ನೀರಿನ ಎತ್ತರ ಲೆಕ್ಕ ಹಾಕಿದ ಹೆಂಗಸಿಗೆ, ಎಲ್ಲರ ಬಾಯಲ್ಲೂ ‘ಉಬ್ಬರದಕ್ಕ’ ಆದವಳಿಗೆ, ಈ ಚಾಳಿ ಚೆನ್ನಾಗಿ ಗೊತ್ತಿತ್ತು. ಆದ್ದರಿಂದಲೇ ಹತ್ತೊಂಬತ್ತು ದಿನಗಳಿಂದ ನೀರು, ವರ್ಷಕ್ಕೆ ಮುಂಚೆಯೇ ಅಚ್ಚಾದ ಉಬ್ಬರವಿಳಿತದ ಪಟ್ಟಿಯಲ್ಲಿ ಹೇಳಿದಂತೆಯೇ ಬರುತ್ತಿರುವುದನ್ನು ಕಂಡು ಅವಳ ತಲೆಗೆ ಹುಳ ಹೊಕ್ಕಿತ್ತು.

ಅಲ್ಲಿಯ ಕ್ರಮ ಹೀಗೆ. ಬೆಳಿಗ್ಗೆ ಅವಳು ಆ ದಿನದ ಅರ್ಧರ್ಧ ಗಂಟೆಯ ನೀರಿನ ಎತ್ತರವನ್ನು ಪಟ್ಟಿಯಿಂದ ಒಂದು ಚೀಟಿಗೆ ಇಳಿಸಿ, ಪಕ್ಕದಲ್ಲಿ ಖಾಲಿ ಜಾಗ ಬಿಟ್ಟು ಕೊಡುವಳು. ಅದನ್ನು ಹಿಡಿದು ಅವಳ ಚಿಕ್ಕಪ್ಪ ಹಡಗು ಕಟ್ಟುವ ಧಕ್ಕೆಯ ಮೆಟ್ಟಿಲಿಳಿದು, ನೀರಲ್ಲಿ ನೆಟ್ಟ ಅಳತೆ ಕಂಬದ ಗೆರೆ ನೋಡಿ, ನಿಜದ ನೀರೆಷ್ಟೆಂದು ವಾಕಿಟಾಕಿಯಲ್ಲಿ ಹೇಳಿ, ಖಾಲಿ ಜಾಗದಲ್ಲಿ ಬರೆಯುವನು. ಪಟ್ಟಿ ಒಂದು ಹೇಳಿದರೆ ಕಂಬ ಇನ್ನೊಂದು ಹೇಳುವುದು ಸಹಜ. ಚಿಕ್ಕಪ್ಪನ ಕಂಬ ಮಾತ್ರ ಇತ್ತೀಚೆಗೆ ಪಟ್ಟಿಯ ಮಾತಿಗೆ ದನಿಗೂಡಿಸಿತ್ತು. ಒಂದು ಸೆಂಟಿಮೀಟರ್ ಹೆಚ್ಚು, ಒಂದು ಕಡಿಮೆ, ಅಷ್ಟೇ. ಆ ಆಚೀಚೆಯೂ ಹಾಲಿಗೆ ನೀರು ಬೆರೆಸುವವನ ಕೈಯಷ್ಟು ಹದವಾಗಿತ್ತು.

ಮೂರು ದಿನದಿಂದ ಗಾಳಿ ನೆಲದ ಕಡೆಯಿಂದ ಬೀಸುತ್ತಿತ್ತು. ಕೋಣೆಯ ಬಾಗಿಲಿಗೆ ಕುರ್ಚಿ ಆನಿಸಿಟ್ಟರೂ ಬಡಿದುಕೊಳ್ಳುತ್ತಿತ್ತು. ಇಂಥ ಗಾಳಿ ನೀರನ್ನು ದಡದಿಂದ ಆಚೆ ತಳ್ಳಬೇಕು. ತಳ್ಳಿಲ್ಲ ಎನ್ನುತ್ತಿತ್ತು ಚೀಟಿ.

‘ಚಿಕ್ಕಪ್ಪ ಕಂಬದ ಹತ್ತಿರ ಹೋಗುತ್ತಲೇ ಇಲ್ಲ. ಎಲ್ಲೋ ಚಹಾ ಕುಡಿಯುತ್ತ ಕೂತು ಚೀಟಿ ನೋಡಿ ಹೇಳುತ್ತಾನೆ’ ಎಂದು ಅವಳ ಮನಸ್ಸು ಗೊಣಗಿತು. ಅಪ್ಪ ಹೋದ ಮೇಲೆ ಅವಳನ್ನು ಓದಿಸಿದವನು ಅವನೇ. ಮುಖಕ್ಕೆ ಮುಖ ಕೊಟ್ಟು ಕೇಳಲು ಬಾಯಿ ಬರಲಿಲ್ಲ. ದೇವರೇ ಕ್ಷಮಿಸು ಎಂದುಕೊಂಡು ಇವತ್ತಿನ ಚೀಟಿಯಲ್ಲಿ ಒಂದು ಬಲೆ ಇಟ್ಟಳು. ಹನ್ನೊಂದು ಗಂಟೆಗೆ ಪಟ್ಟಿ ಹೇಳಿದ್ದು ಎರಡು ಮೀಟರ್ ಇಪ್ಪತ್ತೈದು. ಅವಳು ಬರೆದದ್ದು ಎರಡು ಹದಿನೈದು.

ಇವತ್ತೇ ಸಿಮೆಂಟ್ ಹೊತ್ತ ಹಡಗು ಒಳಗೆ ಬರಬೇಕಿತ್ತು. ಅದನ್ನು ದಾರಿ ತೋರಿಸಿ ತರುವ ಪೈಲಟ್ ಅವಳ ಸ್ವಂತ ತಮ್ಮ. ನದಿಯ ಬಾಯಲ್ಲಿರುವ ಮರಳ ದಿಬ್ಬದ ಮೇಲೆ, ನೀರು ತೀರ ಇಳಿದಾಗಲೂ ಐದು ಮೀಟರ್ ಇಪ್ಪತ್ತು ಆಳವಿರುತ್ತದೆ ಎಂದು ನಕ್ಷೆ ಹೇಳುತ್ತದೆ. ಅದರ ಮೇಲೆ ಹನ್ನೆರಡೂ ನಲವತ್ತರ ಪೂರ್ಣ ಉಬ್ಬರದ ಎರಡು ಅರವತ್ತು ಸೇರಿದರೆ ಏಳು ಎಂಬತ್ತು. ಹಡಗಿನ ತಳ ಮುಳುಗಿರುವುದು ಆರು ಎಂಬತ್ತು; ತಳದ ಕೆಳಗೆ ಎಂಬತ್ತು ಸೆಂಟಿಮೀಟರ್ ನೀರು ಬೇಕೇಬೇಕು. ಉಳಿಯುವುದು ಒಂದು ಗೇಣು. ಆ ಗೇಣು ಇಲ್ಲದಿದ್ದರೆ ಹಡಗು ಮರಳಿಗೆ ಕೂರುತ್ತದೆ, ಬಂದರಿನ ಬಾಯಿ ಮುಚ್ಚುತ್ತದೆ, ತಮ್ಮನ ಪರವಾನಗಿ ಹೋಗುತ್ತದೆ.

ಹನ್ನೊಂದಕ್ಕೆ ವಾಕಿಟಾಕಿ ಕರಕರ ಎಂದಿತು.

“ಬರ್ಕೊಳ್ಳಮ್ಮ. ಎರಡು ಮೀಟರ್ ಹದಿನಾರು.”

ಅವಳು ಬಲೆಗೆಂದು ಬರೆದ ಅಂಕಿಗಿಂತ ಒಂದೇ ಹೆಚ್ಚು. “ಸರಿಯಾಗಿ ನೋಡಿದ್ರಾ ಚಿಕ್ಕಪ್ಪ?”

“ಇಲ್ಲೇ ನಿಂತಿದೀನಲ್ಲೇ! ಕಂಬದ ಜೊತೆ ಸಂಸಾರ ಮಾಡ್ತಿದೀನಿ.”

ಹಗಲಿನಲ್ಲೇ ಹಸಿ ಸುಳ್ಳು! ಅವಳು ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಮೂರು ಮಹಡಿ ಇಳಿದಳು. ದಾರಿಯಲ್ಲಿ ಚಹಾ ಅಂಗಡಿಯ ಬೆಂಚುಗಳನ್ನು ಒಂದೊಂದಾಗಿ ನೋಡಿದಳು. ಗೋದಾಮಿನ ನೆರಳನ್ನು ನೋಡಿದಳು. ಎಲ್ಲೂ ಇಲ್ಲ.

ಚಿಕ್ಕಪ್ಪ ಧಕ್ಕೆಯ ಕೊನೆಯ ಮೆಟ್ಟಿಲ ಮೇಲೆ ಮೊಣಕಾಲುಮಟ್ಟ ನೀರಲ್ಲಿ ನಿಂತಿದ್ದ. ಪ್ಯಾಂಟು ಮಡಚಿತ್ತು, ಒಂದು ಕೈ ಪಾಚಿಯ ಸರಪಳಿ ಹಿಡಿದಿತ್ತು. ಕಣ್ಣು ಕಂಬದ ಮೇಲೇ ಇತ್ತು.

ಉಬ್ಬರದಕ್ಕನಿಗೆ ಅನುಮಾನಕ್ಕಿಂತ ದೊಡ್ಡ ಗೊಂದಲ ಹತ್ತಿತು. ಅವಳೂ ನೀರಿಗಿಳಿದಳು. ಅಲೆ ಏರಿದಾಗೊಮ್ಮೆ, ಇಳಿದಾಗೊಮ್ಮೆ ನೋಡಿ ನಡುವಿನ ಗೆರೆ ಹಿಡಿದಳು. ಗಡಿಯಾರದಲ್ಲಿ ಹನ್ನೊಂದೂವರೆ. ಪಟ್ಟಿಯಲ್ಲಿ ಎರಡು ನಲವತ್ಮೂರು. ಕಂಬದಲ್ಲಿ ಎರಡು ಮೂರು.

“ಚಿಕ್ಕಪ್ಪ, ಇದೆಷ್ಟು ಕಾಣ್ತಿದೆ ನಿಮಗೆ?”

ಅವನು ಮೊದಲು ಚೀಟಿ ನೋಡಿದ. “ಎರಡು ನಲವತ್ತೆ...”

“ಚೀಟಿ ಮಡಚಿ. ಕಂಬದಲ್ಲಿ?”

“ಕಂಬದಲ್ಲಿ... ಎರಡು ಮೂರು ಅನ್ನಿಸುತ್ತೆ. ನನ್ನ ಕಣ್ಣಮ್ಮ, ನಂಬೋ ಹಾಗಿಲ್ಲ.”

“ಹನ್ನೊಂದಕ್ಕೆ?”

“ಒಂದು ಎಂಬತ್ತಾರು ಇದ್ದಂಗಿತ್ತು.”

“ಮತ್ತೆ ಎರಡು ಹದಿನಾರು ಅಂದ್ರಲ್ಲ! ಯಾಕೆ ಸುಳ್ಳು ಹೇಳಿದ್ರಿ?”

ಚಿಕ್ಕಪ್ಪನ ಮುಖ ಸಣ್ಣದಾಯಿತು. “ಸುಳ್ಳಾ? ನೀನೇ ಕಲಿಸಿದ್ದಲ್ವಾ. ಕಳೆದ ತಿಂಗಳು ಚೀಟಿ ವಾಪಸ್ ಕೊಟ್ಟೆಯಲ್ಲ, ನಂದು ಎಲ್ಲೆಲ್ಲಿ ನಿನ್ನ ಅಂಕಿಗೆ ಹೊಂದಲಿಲ್ಲವೋ ಅಲ್ಲೆಲ್ಲ ಕೆಂಪು ಸೊನ್ನೆ. ಹತ್ತು ಸಾಲಲ್ಲಿ ಏಳು ಸೊನ್ನೆ. ಶಾಲೆಯಲ್ಲೂ ಅಷ್ಟು ತಪ್ಪಾಗಿರಲಿಲ್ಲ ನಂಗೆ. ಓದಿದವಳ ಪುಸ್ತಕ ತಪ್ಪಾ, ಮುದುಕನ ಕಣ್ಣು ತಪ್ಪಾ? ತಿದ್ದಿಕೊಂಡೆ.”

ಕೆಂಪು ಸೊನ್ನೆ ಅವಳು ಹಾಕಿದ್ದು ತಪ್ಪೆಂದಲ್ಲ. ಎಲ್ಲಿ ಹೆಚ್ಚು ವ್ಯತ್ಯಾಸ ಬಂತೋ ಅಲ್ಲಿ ಗಾಳಿ ಎತ್ತ ಬೀಸುತ್ತಿತ್ತೆಂದು ತಾನು ಹುಡುಕಲು. ಅದನ್ನು ಬಾಯಿಬಿಟ್ಟು ಹೇಳುವ ವ್ಯವಧಾನ ಅವಳಿಗಿರಲಿಲ್ಲ. ಹತ್ತೊಂಬತ್ತು ದಿನ ಕಳ್ಳನನ್ನು ಹುಡುಕುವಷ್ಟು ವ್ಯವಧಾನ ಇತ್ತು.

ಸೊಂಟದ ವಾಕಿಟಾಕಿಯಲ್ಲಿ ತಮ್ಮನ ದನಿ ಬಂತು. “ಅಕ್ಕಾ, ಲಂಗರು ಎತ್ತಿ ಆಯ್ತು. ಹೊರಡ್ಲಾ?”

“ಬೇಡ. ನಿಲ್ಲು.”

“ಏನು ನಿಲ್ಲು? ಏಳು ಎಂಬತ್ತು ಅಂತ ನೀನೇ ಬೆಳಿಗ್ಗೆ ಹೇಳಿದ್ದು. ಕ್ಯಾಪ್ಟನ್ ನನ್ನ ಮುಖ ನೋಡ್ತಿದಾನೆ.”

“ಮಧ್ಯಾಹ್ನಕ್ಕೆ ಏಳು ನಲವತ್ತೇ ಆಗೋದು. ಲಂಗರು ಬಿಡು.”

“ನಲವತ್ತು ಸೆಂಟಿಮೀಟರ್ ಯಾರು ಕುಡಿದ್ರು? ಕಂಬ ನೋಡಿದವರ್ಯಾರು ಇವತ್ತು?”

ಚಿಕ್ಕಪ್ಪ ನೀರಿನಲ್ಲೇ ಬೆನ್ನು ನೆಟ್ಟಗೆ ಮಾಡಿ ನಿಂತ, ಹೆಸರು ಕೂಗಿದಾಗ ನಿಲ್ಲುವವನಂತೆ.

“ನನ್ನ ತಪ್ಪು” ಎಂದಳು ಉಬ್ಬರದಕ್ಕ. “ವರದಿಯಲ್ಲಿ ಹಾಗೇ ಬರೀತೀನಿ, ನಿಂಗೂ ಒಂದು ಪ್ರತಿ ಕೊಡ್ತೀನಿ. ಈಗ ಲಂಗರು ಬಿಡೋ.”

“ಹಡಗಿನ ಒಂದು ದಿನದ ಬಾಡಿಗೆ ಮಣ್ಣು ಪಾಲು. ಬಂದರಿನ ಸಾಹೇಬರು ನಿನ್ನ ಚರ್ಮ ಸುಲೀತಾರೆ ಕಣೇ.”

“ಸುಲೀಲಿ.”

ಹನ್ನೆರಡೂವರೆಯ ಹೊತ್ತಿಗೂ ದೂರದ ದಿಬ್ಬದ ಮೇಲೆ ಬಿಳಿಯ ಗೆರೆಯೊಂದು ಅಳಿಯದೆ ಉಳಿದಿತ್ತು. ತಮ್ಮನೂ ಕಂಡಿರಬೇಕು. ವಾಕಿಟಾಕಿ ಮೆಲ್ಲಗೆ ಹೇಳಿತು: “ಅಲೆ ಇನ್ನೂ ಒಡೀತಿದೆ ಅಕ್ಕಾ. ಸರಿಯಾಗಿ ನಾವು ದಾಟಬೇಕಿದ್ದ ಜಾಗದಲ್ಲೇ.” ಅವಳು ಕಣ್ಣು ಮುಚ್ಚಿ, ಚಂದ್ರನಿಗೂ ಗಾಳಿಗೂ ಒಡೆಯನಾದವನಿಗೆ ಒಳಗೊಳಗೇ ಕೈಮುಗಿದಳು.

ಹನ್ನೆರಡೂ ನಲವತ್ತು. ನೀರು ಏರುವುದು ನಿಂತಿತು.

“ಎಷ್ಟು ಚಿಕ್ಕಪ್ಪ?”

ಅವನು ಕಂಬ ನೋಡಿದ. ಪೆನ್ಸಿಲು ಎತ್ತಿದ. ಆಮೇಲೆ, ಅಭ್ಯಾಸ ಬಿಡದೆ, ಅಂಕಿ ಸರಿಯೇ ಎಂದು ಓದಿಕೊಳ್ಳಲು ಅವಳ ಮುಖದ ಕಡೆ ತಿರುಗಿದ.

ಉಬ್ಬರದಕ್ಕ ಅವನಿಗೆ ಬೆನ್ನು ಮಾಡಿ ಸಮುದ್ರದ ಕಡೆ ನಿಂತಳು. ಹಿಂದೆ ಪೆನ್ಸಿಲು ಬಹಳ ಹೊತ್ತು ಸದ್ದು ಮಾಡಲಿಲ್ಲ. ತಿರುಗಿ ನೋಡಬೇಕೆಂದು ಅವಳ ಕತ್ತು ತುಡಿಯಿತು. ಅವಳು ತಿರುಗಲಿಲ್ಲ.

“ಎರಡು ಹತ್ತೊಂಬತ್ತು” ಎಂದಿತು ಚಿಕ್ಕಪ್ಪನ ದನಿ, ತುಸು ಸಿಟ್ಟಿನಿಂದಲೇ. “ಇಷ್ಟ ಇದ್ರೆ ನಂಬು.”