ಚಾಕಿ ಕಾರಿನ ಬ್ಲೋವರ್

ನಾನು ಒಂದು ಬ್ಲೋವರ್. ಕಾರಿನ ಡ್ಯಾಶ್‌ಬೋರ್ಡಿನ ಹಿಂದೆ, ಎಡಗಡೆ ಕೂತವರ ಮೊಣಕಾಲಿಗೆ ನೇರವಾಗಿ, ಕತ್ತಲಲ್ಲಿ ಕೂತು ಗಾಳಿ ತಳ್ಳುವ ಫ್ಯಾನು. ಎ.ಸಿ. ಹಾಕಿದರೆ ತಣ್ಣನೆಯದು, ಹೀಟರ್ ಹಾಕಿದರೆ ಬೆಚ್ಚನೆಯದು, ಎರಡನ್ನೂ ನಿಮ್ಮ ಮುಖಕ್ಕೆ ಮುಟ್ಟಿಸುವವನು ನಾನೇ. ಹೊಗಳಿಕೆಯೆಲ್ಲ ಎ.ಸಿ.ಗೆ ಹೋಗುತ್ತದೆ, ಅದು ಬೇರೆ ಮಾತು.

ಕಾರ್ಖಾನೆಯಲ್ಲಿ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಬಳಿದು, ಪ್ಲಾಸ್ಟಿಕ್ ಚಕ್ರ ಸಿಕ್ಕಿಸಿ ಮೊದಲ ಸಲ ಕರೆಂಟು ಕೊಟ್ಟಾಗ ಬರ್ರೆಂದು ತಿರುಗಿದೆ ನೋಡಿ, ಅವತ್ತೇ ತಿಳಿಯಿತು, ಸುಮ್ಮನೆ ಕೂರುವುದು ನನ್ನಿಂದಾಗದ ಕೆಲಸ. ಆದರೆ ಸಿಕ್ಕಿದ ಮೊದಲ ಯಜಮಾನರು ನಿವೃತ್ತ ಹೆಡ್‌ಮಾಸ್ಟರು ಅನಂತಪದ್ಮನಾಭಯ್ಯನವರು. ಎ.ಸಿ. ಗಾಳಿಗೆ ನೆಗಡಿಯಾಗುತ್ತದೆ ಎಂದು ಗಟ್ಟಿಯಾಗಿ ನಂಬಿದವರು. ಬೀಗರು ಕಾರು ಹತ್ತಿದಾಗ ಮಾತ್ರ ಒಂದನೇ ನಂಬರಿಗೆ ತಿರುಗಿಸುತ್ತಿದ್ದರು. ಆರು ವರ್ಷ ಹೀಗೆ ಕೂತು ಕೂತು ಮೈ ಜೋಮು ಹಿಡಿದುಹೋಯಿತು.

ಅಲ್ಲಿಂದ ಶಿಡ್ಲಘಟ್ಟದ ಒಂದು ಡ್ರೈವಿಂಗ್ ಸ್ಕೂಲಿಗೆ ಬಂದೆ. ಕಲಿಯುವವರು ಗಾಬರಿಯಲ್ಲಿ ವೈಪರ್ ಬದಲು ನನ್ನನ್ನು ತಿರುಗಿಸುತ್ತಿದ್ದರು. ನನಗೆ ಖುಷಿಯೋ ಖುಷಿ. ಹಾಗೆ ಕಲಿಯಲು ಬಂದವಳೇ ಮುನಿವೆಂಕಟಮ್ಮ. ಕೈ ಕುದುರಿದ ಕಾರನ್ನು ಬಿಟ್ಟು ಬೇರೆ ಕಾರು ಬೇಡವೆಂದು ಹಟ ಹಿಡಿದು ಇದನ್ನೇ ಕೊಂಡಳು.

ಮುನಿವೆಂಕಟಮ್ಮನದು ಚಾಕಿ ಕೇಂದ್ರ. ಮೊಟ್ಟೆಯಿಂದ ಬಂದ ರೇಷ್ಮೆ ಮರಿಹುಳುಗಳನ್ನು ಎರಡನೇ ಜ್ವರದವರೆಗೆ ಸಾಕಿ ರೈತರಿಗೆ ಮುಟ್ಟಿಸುವ ಕೆಲಸ. ಜ್ವರ ಎಂದರೆ ಕಾಯಿಲೆಯಲ್ಲ, ಹುಳು ಮೇವು ಬಿಟ್ಟು ಮಲಗಿ ಪೊರೆ ಕಳಚುವ ಹೊತ್ತು. ಹಿಂದಿನ ಸೀಟು ತೆಗೆಸಿ ಆಕೆ ಟ್ರೇಗಳನ್ನು ಜೋಡಿಸಿದಳು. “ಎಳೇ ಕೂಸುಗಳು ಅವೆ, ತಣ್ಣಗೆ ಬೀಸಪ್ಪ” ಎಂದು ನನ್ನನ್ನು ಮೂರನೇ ನಂಬರಿಗೆ ಹಾಕುತ್ತಿದ್ದಳು. ಅಷ್ಟು ದಿನಗಳ ಮೇಲೆ ನನಗೊಂದು ಮರ್ಯಾದೆಯ ಕೆಲಸ ಸಿಕ್ಕಿತ್ತು.

ವಾಸನೆ ಎಂದರೆ ಆಕೆಗೆ ದಿಗಿಲು. ಹುಳು ಸಾಗಿಸುವ ದಿನ ಹೂ ಮುಡಿಯುತ್ತಿರಲಿಲ್ಲ, ಪೌಡರ್ ಮುಟ್ಟುತ್ತಿರಲಿಲ್ಲ, ಬೀಡಿ ಸೇದಿದವರನ್ನು ಕಾರಿನ ಹತ್ತಿರ ಬಿಡುತ್ತಿರಲಿಲ್ಲ. ದಾರಿಯುದ್ದಕ್ಕೂ ಟೊಮೆಟೊ, ದ್ರಾಕ್ಷಿ ತೋಟಗಳಿಗೆ ಔಷಧಿ ಹೊಡೆಯುತ್ತಿರುತ್ತಾರೆ. ಆ ಗಾಳಿ ಒಳಗೆ ಬಂದರೆ ಹುಳುಗಳ ಕಥೆ ಮುಗಿಯಿತು. ಅದಕ್ಕೆ ಮುನಿವೆಂಕಟಮ್ಮ ತನ್ನದೇ ಒಂದು ಉಪಾಯ ಮಾಡಿದಳು. ಮುಂದಿನ ಗಾಜಿನ ಬುಡದಲ್ಲಿ ಹೊರಗಿನ ಗಾಳಿ ನನ್ನ ಬಳಿ ಬರುವ ಜಾಲರಿ ಇದೆ. ಅದರೊಳಕ್ಕೆ ಹಳೇ ವಾಯಿಲ್ ಸೀರೆಯ ತುಂಡು ತುರುಕಿದಳು. ಆ ಬಟ್ಟೆ ದಿನಕ್ಕಿಷ್ಟು ನನ್ನ ಕಡೆಗೆ ಜಾರತೊಡಗಿತು. ಬಾಯಿದ್ದಿದ್ದರೆ ಕೂಗಿಕೊಳ್ಳುತ್ತಿದ್ದೆ.

ಏಪ್ರಿಲ್ ತಿಂಗಳು. ಮುಳಬಾಗಿಲು ಕಡೆಯ ಪಿಳ್ಳಪ್ಪ, ಮುನಿವೆಂಕಟಮ್ಮನ ಮಾತು ನಂಬಿ ಆಲೂಗಡ್ಡೆ ಬಿಟ್ಟು ಹಿಪ್ಪುನೇರಳೆ ನೆಟ್ಟಿದ್ದ. ಇದು ಅವನ ಮೊದಲ ಬೆಳೆ. ಹುಳುಗಳೆಲ್ಲ ಒಟ್ಟಿಗೆ ಜ್ವರಕ್ಕೆ ಕೂರಲಿ ಎಂದು ಕಾದು, ಅವನಿಗೆ ಮುಟ್ಟಿಸಲು ಆಕೆ ಹೊರಟಾಗ ಬೆಳಿಗ್ಗೆ ಹತ್ತು ಗಂಟೆ. ಚಿಂತಾಮಣಿ ಹತ್ತಿರ ಬರುವಷ್ಟರಲ್ಲಿ ಬಟ್ಟೆ ನನ್ನ ಚಕ್ರಕ್ಕೆ ಸುತ್ತಿಕೊಂಡಿತು. ಒದ್ದಾಡಿದೆ, ಮೈ ಕಾಯಿತು, ಫ್ಯೂಸ್ ಹೋಯಿತು. ನಿಂತುಬಿಟ್ಟೆ.

ಆಕೆ ಒಂದರಿಂದ ನಾಲ್ಕರವರೆಗೂ ತಿರುಗಿಸಿದಳು. ಉಹೂಂ. ಕಿಟಕಿ ಇಳಿಸಿದರೆ ಬೆಂಕಿಯಂಥ ಬಿಸಿಲು, ಜೊತೆಗೆ ಔಷಧಿ ನಾತ. ಮತ್ತೆ ಏರಿಸಿದಳು. ಬಂಕಿನಲ್ಲಿ ಒಬ್ಬ “ಎ.ಸಿ. ಗ್ಯಾಸ್ ಖಾಲಿಯಾಗೈತಮ್ಮ, ಇನ್ನೇನಿಲ್ಲ” ಎಂದು ಷರಾ ಬರೆದ. ಗ್ಯಾಸ್ ಮುಗಿದರೆ ತಂಪು ಹೋಗುತ್ತದೆ, ಗಾಳಿ ಹೋಗುತ್ತದೆಯೇ? ಅಲ್ಲೇ ಕೂತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು.

ಊರೊಳಗಿನ ಎಲೆಕ್ಟ್ರಿಷಿಯನ್ ನಯಾಜ್ ಮಾತ್ರ ತಿಳಿದವನು. ಕಾರನ್ನು ಹೊಂಗೆ ಮರದ ನೆರಳಿಗೆ ಹಾಕಿಸಿ, ಬಾಗಿಲುಗಳನ್ನೆಲ್ಲ ತೆರೆಸಿದ. ಮುನಿವೆಂಕಟಮ್ಮ ಟ್ರೇಗಳ ಸುತ್ತ ಒದ್ದೆ ಗೋಣಿ ಕಟ್ಟಿದಳು.

“ನಯಾಜಣ್ಣ, ಒಳಗೆ ಜೀವ ಅವೆ. ಬಿಸಿಲು ಇನ್ನೂ ಏರೋದ್ರೊಳಗೆ ದಾರಿ ಮಾಡ್ಕೊಡು.”

“ಬಿಸಿ ಗಾಳಿನೂ ಇಲ್ಲ, ತಣ್ಣಂದೂ ಇಲ್ಲ ಅಂದ್ರೆ ಗ್ಯಾಸ್ ಅಲ್ಲಕ್ಕಾ. ಕರೆಂಟು ನೋಡೋಣ.”

ಸುಟ್ಟ ಫ್ಯೂಸ್ ತೆಗೆದು ಹೊಸದು ಹಾಕಿದ. ಚಟ್ ಎಂದು ಅದೂ ಹೋಯಿತು. “ಎಲ್ಲೋ ಹಿಡ್ಕೊಂಡೈತೆ” ಎಂದು ಗೊಣಗುತ್ತಾ ಎಡ ಸೀಟಿನ ಎದುರಿನ ಪೆಟ್ಟಿಗೆ ಬಿಚ್ಚಿ ನನ್ನನ್ನು ಹೊರಗೆಳೆದ. ಹಸಿರು ಸೀರೆಯ ತುಂಡು ಉರುಳಿನಂತೆ ಸುತ್ತಿಕೊಂಡಿತ್ತು.

“ಇದ್ಯಾರಕ್ಕಾ ಹಾಕಿದ್ದು?”

“ನಾನೇ ಕಣಣ್ಣ” ಎಂದು ಮುನಿವೆಂಕಟಮ್ಮ ಅಲ್ಲೇ ಕುಕ್ಕರಿಸಿದಳು. “ಹುಳು ಉಳಿಸಾಕೆ ಹೋಗಿ ನಾನೇ ಕುತ್ತಿಗೆ ಹಿಸುಕ್ದೆ. ಪಿಳ್ಳಪ್ಪಂಗೆ ಯಾವ ಮುಖ ತೋರಿಸ್ಲಿ?”

ನಯಾಜ್ ಬಟ್ಟೆ ಬಿಡಿಸಿ, ನನ್ನನ್ನು ಮತ್ತೆ ಕೂರಿಸಿ, ಮೂರನೇ ಫ್ಯೂಸ್ ಹಾಕಿದ. ತಿರುಗಿದೆ! ಹೋದ ಜೀವ ಬಂದಂತಾಯಿತು. ಆಕೆ ಗಾಳಿ ಬರುವ ಕಿಂಡಿಗೆ ಮುಖ ಒಡ್ಡಿದಳು. ನಕ್ಕಳು. ಮರುಕ್ಷಣ ಮೂಗು ಸುರುಟಿತು.

“ಸುಟ್ಟ ವಾಸ್ನೆ. ನಿಲ್ಸಣ್ಣ.”

“ಒಳಗೆ ವಾರ್ನಿಷ್ ಬೆಂದೈತೆ. ಸ್ವಲ್ಪ ಹೊತ್ತು ಓಡಿದ್ರೆ ಹೋಗ್ತದಕ್ಕಾ.”

“ಅಷ್ಟೊತ್ತಿಗೆ ಇವೂ ಹೋಗ್ತವೆ.”

ಆಕೆಯೇ ಕೈ ಚಾಚಿ ನನ್ನನ್ನು ಆರಿಸಿದಳು. ಬೀಸಬಲ್ಲೆ, ಬೀಸಲು ಸಿದ್ಧನಿದ್ದೇನೆ, ಆದರೂ ಬೇಡವೆಂದಳಲ್ಲ. ನಯಾಜ್ ಹಿತ್ತಲಲ್ಲಿದ್ದ ಗುಜರಿ ಕಾರಿನಿಂದ ಇನ್ನೊಂದು ಬ್ಲೋವರ್ ಬಿಚ್ಚಿ ತಂದ. ಅದನ್ನು ಆಕೆ ಮೂಸಿ ನೋಡಿಯೇ ಹಾಕಿಸಿದಳು. ಕಾರು ಹೊರಟಿತು. ನಾನು ನಯಾಜನ ಅಂಗಡಿಯ ಹಲಗೆಯ ಮೇಲೆ ಉಳಿದೆ.

ಇಪ್ಪತ್ತೈದು ದಿನ ಏನೂ ತಿಳಿಯಲಿಲ್ಲ. ಆಮೇಲೊಂದು ಬೆಳಿಗ್ಗೆ ಮುನಿವೆಂಕಟಮ್ಮ ಬಂದಳು. ಮುಷ್ಟಿ ಬಿಚ್ಚಿ ಒಂದು ರೇಷ್ಮೆ ಗೂಡು ತೋರಿಸಿ, ನಯಾಜನ ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಮಲಗಿದ್ದ ಹುಳು ಗೂಡಿನ ಗೋಡೆಗೆ ತಾಗಿ ಟಕಟಕ ಸದ್ದಾಯಿತು. “ಪಿಳ್ಳಪ್ಪಂದು. ಮೊದಲ್ನೇ ಬೆಳೆನೇ ಕೈಗೆ ಬಂತು” ಎಂದಳು. ಹೋಗುವಾಗ ಆ ಗೂಡನ್ನು ನನ್ನ ಪಕ್ಕದಲ್ಲಿಟ್ಟು, “ಅವತ್ತು ನಿನ್ನ ಆರಿಸಿದ್ದಕ್ಕೆ ಬೇಜಾರು ಮಾಡ್ಕೋಬೇಡಪ್ಪ” ಎಂದಳು.

ಬೇಜಾರು ಪೂರ್ತಿ ಹೋಗಿಲ್ಲ, ಸುಳ್ಳೇಕೆ ಹೇಳಲಿ. ಚಿಂತಾಮಣಿಯವರೆಗೆ ಈ ಜೀವ ಉಳಿದದ್ದು ನಾನು ಬೀಸಿದ್ದರಿಂದ. ಅಲ್ಲಿಂದಾಚೆ ಉಳಿದದ್ದು ನಾನು ನಿಂತದ್ದರಿಂದ. ಎರಡನೆಯದನ್ನು ಒಪ್ಪಿಕೊಳ್ಳುವುದು ನನ್ನಂಥವನಿಗೆ ಬಲು ಕಷ್ಟ. ಅಂಗಡಿಯ ಬಾಗಿಲಿಂದ ಗಾಳಿ ನುಗ್ಗಿದರೆ ಚಕ್ರ ಈಗಲೂ ಅರ್ಧ ಸುತ್ತು ತಿರುಗಿಬಿಡುತ್ತದೆ. ಪಕ್ಕದಲ್ಲೊಬ್ಬರು ಮಲಗಿರುವುದು ನೆನಪಾಗಿ, ಮೆಲ್ಲಗೆ ನಿಲ್ಲುತ್ತೇನೆ.